ಅತಿಥಿಗೂ ಕಾಯಿಲೆ ಬರುತ್ತದೆ

ಕಳೆದ ದಸರಾ ರಜೆಯಲ್ಲಿ ದಾದಿಮಾ ಅವರನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಅಬ್ಬಾ ಅಂಗಡಿ ಬಿಟ್ಟು ಬರುವಂತಿರಲಿಲ್ಲ. ದಾದಿಮಾಗೆ ಬರುವುದು ಸಂತೆಯ ಕನ್ನಡ: ಎಷ್ಟು, ಕಡಿಮೆ ಮಾಡಿ, ನಾಳೆ ಬರ್ತೀನಿ. ಒಳಗಿನ ನೋವನ್ನು ಹೇಳುವಷ್ಟು ಕನ್ನಡ ಅವರಿಗೆ ಬಾರದು. ಆದ್ದರಿಂದ ಡಾಕ್ಟರ ಮುಂದೆ ನಾನೇ ದುಭಾಷಿ.

ಡಾಕ್ಟರು ಒಳ್ಳೆಯವರು. ಊಟ ಸೇರುತ್ತಾ, ನಿದ್ದೆ ಬರುತ್ತಾ ಎಂದು ಸಮಾಧಾನವಾಗಿ ಕೇಳಿದರು. ನಾನು ಪ್ರಶ್ನೆಯನ್ನು ಉರ್ದುವಿನಲ್ಲಿ ಹೇಳಿದೆ, ಉತ್ತರವನ್ನು ಕನ್ನಡಕ್ಕೆ ತಂದೆ. ಕೊನೆಗೆ "ಮೂತ್ರಕ್ಕೆ ಹೋಗುವಾಗ ಏನಾದರೂ ತೊಂದರೆ ಇದೆಯಾ, ಕೇಳಪ್ಪಾ" ಎಂದರು. ನಾನು ತಲೆ ತಗ್ಗಿಸಿಕೊಂಡು ಕೇಳಿದೆ. ದಾದಿಮಾ ಸೆರಗು ಸರಿಮಾಡಿಕೊಂಡು "ಕುಛ್ ನೈ ಬೇಟಾ" ಅಂದರು. ನಾನು "ಏನೂ ಇಲ್ಲ ಸರ್" ಎಂದೆ. ಗ್ಯಾಸಿನ ಮಾತ್ರೆ ಬರೆದುಕೊಟ್ಟರು.

ವಾರ ಕಳೆದ ಮೇಲೆ ಫುಫು ನನ್ನನ್ನು ಅಡುಗೆಮನೆಗೆ ಕರೆದು ವಿಷಯ ಹೇಳಿದರು. ದಾದಿಮಾಗೆ ನಾಲ್ಕು ತಿಂಗಳಿಂದ ಅದೇ ತೊಂದರೆ. ಮೊಮ್ಮಗನ ಬಾಯಿಂದ ಅದನ್ನು ಹೇಳಿಸುವುದು ಹೇಗೆ ಎಂಬ ನಾಚಿಕೆ. ಲೇಡಿ ಡಾಕ್ಟರಿಗೆ ತೋರಿಸಿ ಎಂದು ಕೇಳಬಹುದಿತ್ತಲ್ಲ ಎಂದರೆ, "ಪುಕ್ಕಟೆ ನೋಡ್ತಾರೆ, ಅದರ ಮೇಲೆ ಅವರು ಬೇಕು ಇವರು ಬೇಕು ಅಂತ ಕೇಳೋದು ಚೆನ್ನಾಗಿರುತ್ತಾ?" ಎಂದಿದ್ದರಂತೆ.

ಅದೇ ದಿನಗಳಲ್ಲಿ ನಾನು ಕಾಲೇಜಿನ ಚರ್ಚಾ ಸ್ಪರ್ಧೆಗೆ ತಯಾರಾಗುತ್ತಿದ್ದೆ. ಆಶ್ರಯ ಕೇಳಿ ಬಂದವರಿಗೆ ಚಿಕಿತ್ಸೆ ಕೊಡುವುದು ದಯೆಯೋ ಕರ್ತವ್ಯವೋ ಎಂಬುದು ವಿಷಯ. ನಾನು ಟರ್ಕಿಯಲ್ಲಿರುವ ಸಿರಿಯಾದ ಜನರ ಉದಾಹರಣೆ ಆರಿಸಿಕೊಂಡೆ. ದಯೆಯ ಪರವಾಗಿ ಮಾತಾಡಿ ಚಪ್ಪಾಳೆ ಗಿಟ್ಟಿಸುವುದು ಸುಲಭ ಎಂದುಕೊಂಡಿದ್ದೆ. ಓದುತ್ತಾ ಹೋದಂತೆ ನನಗೆ ದಾದಿಮಾಳ ಮಾತೇ ನೆನಪಾಗತೊಡಗಿತು.

2011ರಲ್ಲಿ ಸಿರಿಯಾದಲ್ಲಿ ಯುದ್ಧ ಶುರುವಾದಾಗ ಟರ್ಕಿ ಗಡಿ ತೆರೆಯಿತು. ಒಂದು ಹಂತದಲ್ಲಿ ಅಲ್ಲಿದ್ದ ಸಿರಿಯನ್ನರ ಸಂಖ್ಯೆ 36 ಲಕ್ಷ ದಾಟಿತ್ತು. ಆದರೆ ಕಾನೂನಿನ ಲೆಕ್ಕದಲ್ಲಿ ಅವರು ನಿರಾಶ್ರಿತರಲ್ಲ. ನಿರಾಶ್ರಿತರ ಬಗೆಗಿನ 1951ರ ಒಪ್ಪಂದವನ್ನು ಟರ್ಕಿ ಒಪ್ಪಿಕೊಂಡಿದ್ದರೂ, ಯುರೋಪಿನಿಂದ ಬಂದವರಿಗೆ ಮಾತ್ರ ಅದು ಅನ್ವಯ ಎಂಬ ಷರತ್ತು ಇಟ್ಟುಕೊಂಡಿದೆ. ಹಾಗಾಗಿ ಮೊದಮೊದಲು ಇವರನ್ನು ಕರೆದದ್ದು 'ಮಿಸಾಫಿರ್' ಎಂದು. ನಮ್ಮ ಉರ್ದುವಿನ 'ಮುಸಾಫಿರ್' ಅದೇ ಪದ. ನಮಗೆ ಅದರ ಅರ್ಥ ಪ್ರಯಾಣಿಕ, ಅವರಿಗೆ ಅತಿಥಿ.

ಕೇಳಲು ಎಷ್ಟು ಚೆಂದ! ನಮ್ಮ ಮನೆಗಳಲ್ಲಿ ಮೆಹಮಾನ್ ಬಂದರೆ ಇದ್ದದ್ದರಲ್ಲಿ ಒಳ್ಳೆಯದನ್ನು ಮುಂದಿಡುತ್ತೇವೆ. ಆದರೆ ಮೆಹಮಾನ್ ಆದವನು ಇನ್ನೊಂದು ತುತ್ತು ಬೇಕೆಂದು ಕೇಳುತ್ತಾನೆಯೇ? ಕೊಟ್ಟದ್ದನ್ನು ತಿಂದು ದುವಾ ಮಾಡಿ ಏಳುತ್ತಾನೆ. ಆತಿಥ್ಯ ಮೂರು ದಿನದ್ದು, ಅದರಾಚೆಗಿನದು ಸದಕಾ ಎಂದು ಮದರಸಾದಲ್ಲಿ ಕಲಿತಿದ್ದೇವೆ. ಯುದ್ಧ ಮೂರು ದಿನಕ್ಕೆ ಮುಗಿಯಲಿಲ್ಲ. ಹದಿಮೂರು ವರ್ಷಗಳ ಮೇಲೆ, 2024ರ ಡಿಸೆಂಬರ್‌ನಲ್ಲಿ ಅಸದ್ ಸರ್ಕಾರ ಬಿದ್ದ ನಂತರ ಲಕ್ಷಗಟ್ಟಲೆ ಜನ ಊರಿಗೆ ಹಿಂತಿರುಗಿದರು. ಅಷ್ಟರಲ್ಲಿ ಎಷ್ಟು ಹೆರಿಗೆ, ಎಷ್ಟು ಸಕ್ಕರೆ ಕಾಯಿಲೆ, ಎಷ್ಟು ಡಯಾಲಿಸಿಸ್! ರಕ್ಷಣೆ ತಾತ್ಕಾಲಿಕವಾಗಿರಬಹುದು. ಮೂತ್ರಪಿಂಡಕ್ಕೆ ಅದು ಗೊತ್ತಾಗುವುದಿಲ್ಲ.

2014ರ ಅಕ್ಟೋಬರ್‌ನಲ್ಲಿ ಟರ್ಕಿ 'ತಾತ್ಕಾಲಿಕ ರಕ್ಷಣೆ'ಯ ನಿಯಮಾವಳಿ ತಂದಿತು. ಅಲ್ಲಿಯವರೆಗೆ ಸುತ್ತೋಲೆಗಳ ಮೇಲೆ ನಡೆಯುತ್ತಿದ್ದ ಚಿಕಿತ್ಸೆಗೆ ಲಿಖಿತ ನಿಯಮದ ಆಧಾರ ಸಿಕ್ಕಿತು. ನೋಂದಣಿ ಮಾಡಿಸಿದವರಿಗೆ 99ರಿಂದ ಶುರುವಾಗುವ ಸಂಖ್ಯೆಯ ಗುರುತಿನ ಚೀಟಿ. ಆಗಿನ ನಿಯಮದಂತೆ ಪ್ರಾಥಮಿಕ ಮತ್ತು ತುರ್ತು ಚಿಕಿತ್ಸೆಗೆ ಹಣ ಕೇಳುವಂತಿರಲಿಲ್ಲ. ಅವರ ಚಿಕಿತ್ಸೆಗೆ ಸರ್ಕಾರ ತೆರುವ ದರ, ದೇಶದ ನಾಗರಿಕರ ಆರೋಗ್ಯ ವಿಮೆಗೆ ನಿಗದಿಯಾದ ದರವನ್ನು ಮೀರುವಂತಿರಲಿಲ್ಲ. ಮಾತು ಅರ್ಥವಾಗದ ಕಡೆ ಉಚಿತವಾಗಿ ದುಭಾಷಿ ಒದಗಿಸಬೇಕು.

ನಾನು ಕಾಮರ್ಸ್ ವಿದ್ಯಾರ್ಥಿ. ನನಗೆ ಇದು ಅರ್ಥವಾದದ್ದು ಲೆಕ್ಕದ ಪುಸ್ತಕದ ಮೂಲಕ. ದಾನ ಕೊಡುವವನ ಇಷ್ಟ. ಈ ವರ್ಷ ಕೊಡಬಹುದು, ಮುಂದಿನ ವರ್ಷ ಬಿಡಬಹುದು. ಹಕ್ಕು ಹಾಗಲ್ಲ, ಅದು ಬ್ಯಾಲೆನ್ಸ್ ಶೀಟ್‌ನ ಹೊಣೆಗಾರಿಕೆ ಬದಿಯಲ್ಲಿ ಕೂರುತ್ತದೆ. ಬಾಕಿ ಇದೆ ಎಂದು ಕೇಳಲು ಬಂದವನನ್ನು ಯಾರೂ ಭಿಕ್ಷುಕ ಎನ್ನುವುದಿಲ್ಲ.

ಹಾಗೆಂದು ಕಾಗದದ ಮೇಲೆ ಬರೆದ ಕೂಡಲೇ ಎಲ್ಲ ಸರಿಹೋಗಲಿಲ್ಲ. ಚೀಟಿ ಯಾವ ಪ್ರಾಂತ್ಯದಲ್ಲಿ ಆಗಿದೆಯೋ ಅಲ್ಲೇ ಚಿಕಿತ್ಸೆ. ತುರ್ತು ಸಂದರ್ಭ ಬಿಟ್ಟರೆ ಬೇರೆಡೆ ಕಷ್ಟ. ಕೂಲಿ ಹುಡುಕಿಕೊಂಡು ಇಸ್ತಾಂಬುಲ್‌ಗೆ ಹೋದವನ ಚೀಟಿ ಗಡಿ ಹತ್ತಿರದ ಊರಿನದಾದರೆ, ಮಗುವಿನ ಕಾಯಿಲೆಗೆ ಏನು ಮಾಡಬೇಕು? 2023ರ ಫೆಬ್ರವರಿಯಲ್ಲಿ ಭೂಕಂಪವಾದದ್ದು ಸಿರಿಯನ್ನರು ಹೆಚ್ಚಾಗಿ ನೆಲೆಸಿದ್ದ ಹತಾಯ್, ಗಾಜಿಯಾಂಟೆಪ್ ಕಡೆಗಳಲ್ಲೇ. ಮನೆ ಕುಸಿದವರು ಬೇರೆ ಪ್ರಾಂತ್ಯಕ್ಕೆ ಹೋಗಲು ಆಗ ನಿಯಮವನ್ನೇ ಸಡಿಲಿಸಬೇಕಾಯಿತು.

ಇನ್ನೊಂದು ಅಡ್ಡಿ ಭಾಷೆ. ಬಂದವರದು ಅರಬ್ಬಿ, ಆಸ್ಪತ್ರೆಯದು ತುರ್ಕಿ. ಶಾಲೆಗೆ ಹೋಗಿ ತುರ್ಕಿ ಕಲಿತ ಮಕ್ಕಳು ತಾಯಂದಿರ ಪರವಾಗಿ ಮಾತಾಡಬೇಕಾದ ಸ್ಥಿತಿ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ಆ ಮಕ್ಕಳಿಗೂ ಎಷ್ಟು ಸಲ "ಏನೂ ಇಲ್ಲ" ಎಂಬ ಉತ್ತರ ಸಿಕ್ಕಿರಬೇಕು! ಅವರು ಎಷ್ಟು ಸಲ ಅದನ್ನೇ ಡಾಕ್ಟರಿಗೆ ಒಪ್ಪಿಸಿರಬೇಕು!

ಟರ್ಕಿ ಇದಕ್ಕೊಂದು ಒಳ್ಳೆಯ ದಾರಿ ಕಂಡುಕೊಂಡಿತು. ಓಡಿಬಂದ ಜನರಲ್ಲೇ ಸಿರಿಯಾದ ವೈದ್ಯರೂ ನರ್ಸುಗಳೂ ಇದ್ದರು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅವರಿಗೆ ತರಬೇತಿ ಕೊಟ್ಟು, ವಲಸಿಗರ ಆರೋಗ್ಯ ಕೇಂದ್ರಗಳಲ್ಲಿ ಕೆಲಸಕ್ಕೆ ತೆಗೆದುಕೊಂಡರು. ಖರ್ಚಿಗೆ ಯುರೋಪಿಯನ್ ಒಕ್ಕೂಟವೂ ಹಣ ಕೊಟ್ಟಿತು. ಅಲ್ಲಿ ರೋಗಿ ತನ್ನ ಭಾಷೆಯಲ್ಲಿ, ಮಗನನ್ನು ನಡುವೆ ನಿಲ್ಲಿಸಿಕೊಳ್ಳದೆ ನೋವು ಹೇಳಬಹುದಿತ್ತು.

ಟರ್ಕಿಯ ನಾಯಕರು ಆಗಾಗ ಮದೀನಾದ ಅನ್ಸಾರರನ್ನೂ ಮುಹಾಜಿರರನ್ನೂ ನೆನಪಿಸಿದ್ದುಂಟು. ನನಗೆ ಆ ಕಥೆಯಲ್ಲಿ ಬೇರೆಯೇ ಒಂದು ಸಂಗತಿ ಕಂಡಿತು. ಮದೀನಾದಲ್ಲಿ ಬಂದವರನ್ನು ಅತಿಥಿಗಳೆಂದು ಕೂರಿಸಲಿಲ್ಲ. ಒಬ್ಬೊಬ್ಬ ಮುಹಾಜಿರನನ್ನು ಒಬ್ಬೊಬ್ಬ ಅನ್ಸಾರಿಗೆ ಸಹೋದರನೆಂದು ಜೋಡಿಸಿದರು. ಅತಿಥಿ ಕೇಳಲು ಸಂಕೋಚಪಡುತ್ತಾನೆ, ತಮ್ಮ ಕೇಳುತ್ತಾನೆ. ಸ್ಪರ್ಧೆಯಲ್ಲಿ ನಾನು ಕರ್ತವ್ಯದ ಪರವಾಗಿ ಮಾತಾಡಿದೆ. ಬಹುಮಾನ ಬರಲಿಲ್ಲ.

ನನ್ನ ದಾದಿಮಾ ಯಾವ ಗಡಿಯನ್ನೂ ದಾಟಿ ಬಂದವರಲ್ಲ. ಇದೇ ಊರಿನಲ್ಲಿ ಹುಟ್ಟಿ, ಇಲ್ಲೇ ಮುದುಕಿಯಾದವರು. ಹಾಗಿದ್ದೂ ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಮೆಹಮಾನ್ ಥರ ಕುಳಿತಿದ್ದರು. ಯುದ್ಧದಿಂದ ಓಡಿಬಂದವರು ಹೇಗೆ ಕುಳಿತಿರಬಹುದು ಎಂದು ನನಗೆ ಸ್ವಲ್ಪ ಅಂದಾಜಾದದ್ದು ಅವರಿಂದಲೇ.

ಮತ್ತೆ ಆಸ್ಪತ್ರೆಗೆ ಹೋದಾಗ ಫುಫು ಜೊತೆಗಿದ್ದರು. ಓಪಿಡಿ ಚೀಟಿ ಮಾಡಿಸುವಾಗ ನಾನು "ಲೇಡಿ ಡಾಕ್ಟರಿಗೆ ತೋರಿಸಬೇಕು ಮೇಡಂ" ಎಂದೆ. ಕೌಂಟರಿನವರು ತಲೆಯೂ ಎತ್ತದೆ "ಹನ್ನೆರಡನೇ ನಂಬರ್ ರೂಮ್" ಅಂದರು. ಅಷ್ಟೇ. ನಾಲ್ಕು ತಿಂಗಳು ಕೇಳಲಾಗದೆ ಉಳಿದದ್ದು ಇಷ್ಟು ಸಣ್ಣ ಮಾತು.

ಸ್ನೇಹಿತರೇ, ನಮ್ಮಲ್ಲಿ ಬಹಳ ಮಂದಿ ಮನೆಯ ದುಭಾಷಿಗಳು. ಮುಂದಿನ ಸಲ ಯಾರನ್ನಾದರೂ ಕರೆದುಕೊಂಡು ಹೋದಾಗ, ಅವರು "ಏನೂ ಇಲ್ಲ" ಎಂದರೆ ಒಮ್ಮೆ ಯೋಚಿಸಿ. ಅವರಿಗೆ ನಿಮಗಿಂತ ಬೇರೆ ದುಭಾಷಿ ಬೇಕಿರಬಹುದು. ಅಂದು ಹನ್ನೆರಡನೇ ನಂಬರ್ ರೂಮಿನೊಳಗೆ ದಾದಿಮಾ ಇಪ್ಪತ್ತು ನಿಮಿಷ ಇದ್ದರು. ನಾನು ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ.