ಗುಂಡು ತಾನೇ ಬರುತ್ತೆ... ಗುರಿ ಬರಲ್ಲ!

ನಮ್ಮ ಹೀರೋ ಪಿಸ್ತೂಲು ಎತ್ತಿದ ಅಂದರೆ ಮುಗೀತು. ಎಷ್ಟು ಹೊಡೆದರೂ ಗುಂಡು ಖಾಲಿಯಾಗದು, ಒಂದೂ ಗುರಿ ತಪ್ಪದು! 1968ರಲ್ಲಿ ದೊರೈ-ಭಗವಾನ್ ಅವರ 'ಜೇಡರ ಬಲೆ'ಯಲ್ಲಿ ಅಣ್ಣಾವ್ರು ಸಿಐಡಿ 999 ಆಗಿ ಬಂದರಲ್ಲ, ಅಂದಿನಿಂದ ಕನ್ನಡದ ಹುಡುಗರ ತಲೆಯಲ್ಲಿ ಪಿಸ್ತೂಲು ಕೂತುಬಿಟ್ಟಿದೆ. ಆ ಚಿತ್ರವನ್ನು ಟಿವಿಯಲ್ಲಿ ನೋಡಿ ಬೆಳೆದ, ಪಿಯುಸಿ ಅರ್ಧಕ್ಕೇ ಬಿಟ್ಟ ನನ್ನ ತಲೆಯಲ್ಲೂ ಅಷ್ಟೆ!

ನನ್ನ ಕೈಗೆ ಸಿಕ್ಕಿದ್ದು ಪಿಸ್ತೂಲಲ್ಲ, ಸೆಕೆಂಡ್ ಹ್ಯಾಂಡ್ ಏರ್ ರೈಫಲ್. ಸ್ಪ್ರಿಂಗಿನದು. ಮೇಲೊಂದು ಪುಟ್ಟ ಚಕ್ರ, ಅದರಲ್ಲಿ ಹತ್ತು ಪೆಲೆಟ್. ಬ್ಯಾರೆಲ್ ಬಗ್ಗಿಸಿ ಮತ್ತೆ ಸೇರಿಸಿದರೆ ಚಕ್ರ ತಾನಾಗಿ ಒಂದು ಮನೆ ಮುಂದಕ್ಕೆ ಹೋಗಿ ಹೊಸ ಪೆಲೆಟ್ ಕೂರಿಸುತ್ತದೆ. 4.5 ಮಿಲಿಮೀಟರ್ ಒಳಗಿನ ನಳಿಗೆ, 20 ಜೂಲ್ ಒಳಗಿನ ಶಕ್ತಿ ಇದ್ದರೆ 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ. ಹಾಗಂತ ಆಟದ ಸಾಮಾನಲ್ಲ ಸ್ವಾಮೀ! ಅರ್ಧ ಗ್ರಾಂ ಪೆಲೆಟ್ ಸೆಕೆಂಡಿಗೆ 200 ಮೀಟರ್ ಹೋದರೆ 10 ಜೂಲ್. ಕಣ್ಣು ಹೋಗೋಕೆ ಅಷ್ಟು ಬೇಕಾಗಿಲ್ಲ.

ಈ ನಡುವೆ ಬೆಂಗಳೂರಿನ ರೂಮಿನ ಬಾಡಿಗೆ ಎರಡು ತಿಂಗಳು ನಿಂತಿತು. ಬಿಡಿ ಲೇಖನ ಬರೆಯೋನ ಸಂಪಾದನೆ ನಿಮಗೆ ಗೊತ್ತೇ ಇದೆ. ರೈಫಲ್ ಮಾರೋಣ ಅಂದರೆ ಗಿರಾಕಿಯ ಷರತ್ತು ನೋಡಿ: ಹತ್ತು ಮೀಟರಿನಿಂದ ಹತ್ತು ಗುಂಡು, ಎಲ್ಲವೂ ರೂಪಾಯಿ ನಾಣ್ಯದ ಅಗಲದೊಳಗೆ! ನನ್ನದು ಅಂಗೈ ಅಗಲ ಚೆಲ್ಲುತ್ತಿತ್ತು. ರಿಪೇರಿಯವನು "ಸ್ಪ್ರಿಂಗ್ ಬದಲಾಯಿಸ್ಬೇಕು, ದುಡ್ಡು ಇಡು" ಅಂದ. ದುಡ್ಡೆಲ್ಲಿ? ರೈಫಲ್ ಕಟ್ಟಿಕೊಂಡು ತಿಪಟೂರಿನ ಕಡೆ ಅಣ್ಣನ ತೆಂಗಿನ ತೋಟಕ್ಕೆ ಹೋದೆ. ಮರಳು ತುಂಬಿದ ಗೋಣಿಚೀಲಗಳ ಮುಂದೆ ಕಾಗದ ಅಂಟಿಸಿ ಕೂತೆ.

ಮೊದಲ ದಿನ ಸ್ಕ್ರೂಗಳು. ಸ್ಪ್ರಿಂಗಿನ ಒದೆತಕ್ಕೆ ಮರದ ಹಿಡಿಯ ಸ್ಕ್ರೂ ಮೂರೂ ಸಡಿಲ. ಬಿಗಿ ಮಾಡಿದೆ. ದುರ್ಬೀನಿನ ಕ್ಲಾಂಪು ಕೂಡ ಹಿಂದಕ್ಕೆ ಜಾರಿತ್ತು, ಅದನ್ನೂ ಕೂರಿಸಿದೆ. ಎರಡನೇ ದಿನ ಪೆಲೆಟ್. ಮೂರು ಥರದವು ಹೊಡೆದು ನೋಡಿದೆ. ಉದ್ದನೆಯದು ಚಕ್ರದಿಂದ ಹೊರಗೆ ಚಾಚಿ ಸಿಕ್ಕಿಕೊಳ್ಳುತ್ತಿತ್ತು. ಗುಂಡು ತಲೆಯ ಗಿಡ್ಡನೆಯದು ಒಪ್ಪಿತು. ಚಕ್ರದ ಮನೆ ನಳಿಗೆಯ ಬಾಯಿಗೆ ನೇರವಾಗಿ ನಿಲ್ಲದಿದ್ದರೆ ಸೀಸದ ಅಂಚು ತರಚಿ ಗುಂಡು ಓಲಾಡುತ್ತದೆ. ಹಾಗಾಗಿ ಮನೆಗಳ ಧೂಳನ್ನು ಬಟ್ಟೆಯಿಂದ ಒರೆಸಿದೆ. ಇನ್ನೊಂದು ಮಾತು, ಹೊಡೆಯದೆ ಎರಡು ಸಲ ಬಗ್ಗಿಸಿದರೆ ನನ್ನದರಲ್ಲಿ ಎರಡು ಪೆಲೆಟ್ ಒಂದರ ಹಿಂದೊಂದು ಕೂರುತ್ತವೆ. ಅದಕ್ಕೇ ಬಾಯಲ್ಲಿ ಲೆಕ್ಕ ಹಾಕುತ್ತಲೇ ಇರಬೇಕು.

ಮೂರನೇ ದಿನ ಕೈ. ಪೆಲೆಟ್ ನಳಿಗೆ ಬಿಡುವ ಮೊದಲೇ ಸ್ಪ್ರಿಂಗ್ ರೈಫಲ್ಲನ್ನು ಕುಲುಕಿಬಿಡುತ್ತದೆ. ಬಿಗಿ ಹಿಡಿದಷ್ಟೂ ಗುರಿ ಅಡ್ಡಾದಿಡ್ಡಿ! ಅಂಗೈ ಮೇಲೆ ಹಸುಗೂಸನ್ನು ಮಲಗಿಸಿದ ಹಾಗೆ ಸಡಿಲ ಇಡಬೇಕು, ಅದರ ಪಾಡಿಗೆ ಕುಲುಕಲು ಬಿಡಬೇಕು. ಹೀರೋಗಳು ಇದನ್ನು ತೋರಿಸೋದೇ ಇಲ್ಲ! ಚಕ್ರ ತಾನೇ ತಿರುಗುತ್ತೆ ಅಂತ ಬೆರಳು ಅವಸರ ಮಾಡುತ್ತದೆ, ಅಲ್ಲೇ ಕೆಡೋದು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಹತ್ತು ಮೀಟರಿನಲ್ಲಿ, ಒಂದೊಂದೇ ಪೆಲೆಟ್ ಕೈಯಾರೆ ಹಾಕಿ. ಆ ಗುರಿಯ ನಡುಚುಕ್ಕೆ ಬರೀ ಅರ್ಧ ಮಿಲಿಮೀಟರ್! ನಾನೂ ಪ್ರತಿ ಗುಂಡಿಗೂ ಒಂದು ಉಸಿರು ಬಿಟ್ಟು ಕಾದೆ.

ಭಾನುವಾರ ಗಿರಾಕಿ ಬಂದ. ಹತ್ತೂ ಗುಂಡು ನಾಣ್ಯದೊಳಗೆ! ಅವನು ನೋಟು ಎಣಿಸುತ್ತಾ ಕೇಳಿದ, "ಗುರೂ, ನಮ್ಮ ತೋಟಕ್ಕೆ ನವಿಲು ಬರ್ತವೆ. ಇದ್ರಲ್ಲಿ ಬೀಳ್ತವಾ?"

"ನವಿಲು ಹೊಡೆದ್ರೆ 1972ರ ಕಾನೂನಲ್ಲಿ ಜೈಲು, ಅಣ್ಣ" ಅಂದೆ.

"ಇಲ್ಲಿ ಯಾರ್ ನೋಡ್ತಾರೆ ಬಿಡು" ಅಂತ ನಕ್ಕ.

ನಾನು ರೈಫಲ್ಲನ್ನು ಚೀಲದೊಳಗೆ ಇಟ್ಟು ಜಿಪ್ ಎಳೆದೆ. ಅಣ್ಣ ಬೈದ, "ಬಾಡಿಗೆ ಯಾರಪ್ಪ ಕಟ್ತಾನೆ?" ಅಂತ. ಬೆಂಗಳೂರಿಗೆ ಬಂದು ಓನರ್ ಹತ್ತಿರ ಹದಿನೈದು ದಿನ ಗಡುವು ಕೇಳಿಕೊಂಡೆ. ರಾತ್ರಿಯೆಲ್ಲ ಕೂತು ಎರಡು ಲೇಖನ ಬರೆದೆ, ಮಿತ್ರರೇ. ನಿಮ್ಮ ಕೈಯಲ್ಲಿರೋದು ಎರಡನೆಯದು!