ಟ್ಯೂನರ್ ಪೆಟ್ಟಿಗೆಯ ದಿನಗಳು

ಶನಿವಾರ, ಜನವರಿ 25, 2025. ಫ್ರೀಮಾಂಟ್

ಕೇಬಲ್ ಬಿಲ್ಲಿನ ಕಾಟ ಮುಗಿಯಿತು. ಅಟ್ಟದ ಆಂಟೆನಾದ ವೈರು ಇನ್ನು ಟಿವಿಯವರೆಗೆ ಬರುವುದಿಲ್ಲ. ರೌಟರ್ ಇರುವ ಕಪಾಟಿಗೆ ಇಳಿದು, ಎಚ್‌ಡಿಹೋಮ್‌ರನ್ ಎಂಬ ಚಿಕ್ಕ ಪೆಟ್ಟಿಗೆಗೆ ಸೇರಿ ಅಲ್ಲೇ ನಿಲ್ಲುತ್ತದೆ. ಆ ಪೆಟ್ಟಿಗೆಗೆ ಎಚ್‌ಡಿಎಂಐ ಕಿಂಡಿಯೇ ಇಲ್ಲ. ಆಂಟೆನಾ, ನೆಟ್‌ವರ್ಕ್ ಕೇಬಲ್, ಕರೆಂಟು, ಇಷ್ಟೇ. ಒಳಗೆ ನಾಲ್ಕು ಟ್ಯೂನರ್. ಗಾಳಿಯಲ್ಲಿ ಬಂದ ಪ್ರಸಾರವನ್ನು ಮನೆಯ ನೆಟ್‌ವರ್ಕಿಗೆ ಬಿಡುವುದಷ್ಟೇ ಅದರ ಕೆಲಸ. ಟಿವಿ ಕೆಳಗಿನ ಲಿನಕ್ಸ್ ಕಂಪ್ಯೂಟರಿನಲ್ಲಿ ಟಿವಿಹೆಡ್‌ಎಂಡ್ ಎಂಬ ತಂತ್ರಾಂಶ ಅದನ್ನು ಹಿಡಿದು ರೆಕಾರ್ಡ್ ಮಾಡುತ್ತದೆ, ಕೋಡಿ ಎಂಬ ಇನ್ನೊಂದು ತೋರಿಸುತ್ತದೆ.

ಅತ್ತೆ ಹಾಸನದಿಂದ ಬಂದು ಇನ್ನೂ ನಿದ್ದೆಯ ಹೊತ್ತು ಹೊಂದಿಲ್ಲ. ಸೋಫಾದಲ್ಲಿ ಕೂತು ಎಲ್ಲ ನೋಡುತ್ತಿದ್ದವರು, "ಇದ್ರಲ್ಲಿ ಕನ್ನಡ ಬರುತ್ತೇನಮ್ಮಾ?" ಎಂದರು.

"ಇಲ್ಲ ಅತ್ತೆ. ಸ್ಪ್ಯಾನಿಷ್, ಚೈನೀಸ್, ವಿಯೆಟ್ನಾಮೀಸ್ ಎಲ್ಲ ಬರುತ್ತೆ."

"ಹಾಗಾದ್ರೆ ಇಷ್ಟು ಒದ್ದಾಡಿದ್ದು ಯಾರಿಗೆ?"

ಧಾರಾವಾಹಿಗೆ ಇಂಟರ್ನೆಟ್ಟೇ ಗತಿ.

ಶನಿವಾರ, ಫೆಬ್ರುವರಿ 1

ಬೆಳಗ್ಗೆಯಿಂದ ಸಿಗ್ನಲ್ಲಿನ ಹಿಂದೆ. ನಮಗೆ ಸಿಗುವ ಪ್ರಸಾರ ಬಹುಪಾಲು ಸ್ಯಾನ್ ಫ್ರಾನ್ಸಿಸ್ಕೋದ ಸುತ್ರೋ ಟವರಿನದು. 977 ಅಡಿ ಎತ್ತರ, 1973ರಿಂದ ನಿಂತಿದೆ. ಇಲ್ಲಿಂದ ಮೂವತ್ತು ಮೈಲಿ ಆಸುಪಾಸು, ನಡುವೆ ಕೊಲ್ಲಿಯ ನೀರು. ಪರದೆಯ ಮೇಲೆ 9 ಎಂದು ಕಾಣುವ ಕೆಕ್ಯೂಇಡಿ ವಾಹಿನಿ ನಿಜವಾಗಿ ಬರುವುದು 30ನೇ ಚಾನೆಲ್ಲಿನಲ್ಲಿ. ಆಂಟೆನಾ ಕೊಳ್ಳುವವರು ನೋಡಬೇಕಾದದ್ದು ಈ ಎರಡನೆಯ ಸಂಖ್ಯೆ.

ಪೆಟ್ಟಿಗೆಯ ಪುಟವನ್ನು ಬ್ರೌಸರಿನಲ್ಲಿ ತೆರೆದರೆ ಮೂರು ಅಂಕಿ: ಸಿಗ್ನಲ್ಲಿನ ಬಲ, ಅದರ ಗುಣ, ಕೊನೆಗೆ ಸಿಂಬಲ್ ಕ್ವಾಲಿಟಿ. ಬಲ ನೂರರ ಹತ್ತಿರವಿತ್ತು, ಗುಣ ಅರವತ್ತು ದಾಟುತ್ತಿರಲಿಲ್ಲ. ಹಳೆ ಬಾಡಿಗೆದಾರರು ಅಟ್ಟದಲ್ಲಿ ಬಿಟ್ಟುಹೋಗಿದ್ದ ಆಂಪ್ಲಿಫೈಯರನ್ನು ಕಳಚಿದೆ. ಬಲ ಇಳಿಯಿತು, ಗುಣ ತೊಂಬತ್ತಕ್ಕೇರಿತು. ಗದ್ದಲದ ಮದುವೆಮನೆಯಲ್ಲಿ ಮೈಕಿನ ದನಿ ಜಾಸ್ತಿ ಮಾಡಿದಂತೆ, ಆಂಪ್ಲಿಫೈಯರು ಮಾತಿನ ಜೊತೆ ಗಲಾಟೆಯನ್ನೂ ಏರಿಸುತ್ತದೆ. ನೋಡಬೇಕಾದದ್ದು ಮೂರನೆಯ ಅಂಕಿ. ಅದು ನೂರರಿಂದ ಜಾರಿದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ.

ಭಾನುವಾರ, ಫೆಬ್ರುವರಿ 9

ಸೂಪರ್ ಬೌಲ್, ಅಮೆರಿಕನ್ ಫುಟ್‌ಬಾಲಿನ ಫೈನಲ್. ಫಾಕ್ಸಿನಲ್ಲಿ, ಅಂದರೆ ನಮಗೆ ಕೆಟಿವಿಯು ವಾಹಿನಿಯಲ್ಲಿ. ಇವರ ಆಫೀಸಿನವರು ನಾಲ್ಕು ಜನ, ಎರಡು ಡಬ್ಬಿ ಚುರುಮುರಿ. ಕೆಳಗೆ ಟಿವಿ, ಮೇಲೆ ಮಕ್ಕಳ ಲ್ಯಾಪ್‌ಟಾಪು, ಜೊತೆಗೆ ರೆಕಾರ್ಡಿಂಗು. ಎಲ್ಲಕ್ಕೂ ಒಂದೇ ಟ್ಯೂನರ್ ಸಾಕಾಯಿತು, ಏಕೆಂದರೆ ಚಾನೆಲ್ ಒಂದೇ.

ಮೇಲಿನ ವೈಫೈ ಮಾತ್ರ ಆಗಾಗ ಮುಗ್ಗರಿಸಿತು. ಒಂದು ಚಾನೆಲ್ಲಿನಲ್ಲಿ ಹಿಡಿಸುವುದೇ ಸೆಕೆಂಡಿಗೆ 19.39 ಮೆಗಾಬಿಟ್. ವೈಫೈಗೆ ಅದು ಲೆಕ್ಕಕ್ಕಿಲ್ಲದ್ದು, ಆದರೆ ನೇರ ಪ್ರಸಾರ ಅರೆಗಳಿಗೆಯೂ ಕಾಯುವುದಿಲ್ಲ. ಕೇಬಲ್ ಎಳೆಸುವವರೆಗೆ ಮಕ್ಕಳು ಕೆಳಗೇ ಕೂರಲಿ.

ಈಗಲ್ಸ್ 40-22ರಿಂದ ಗೆದ್ದರು. ಪಕ್ಕದ ಮನೆಯವರು ಇಂಟರ್ನೆಟ್ಟಿನಲ್ಲಿ ನೋಡುತ್ತಿದ್ದರು. ಪ್ರತಿ ಟಚ್‌ಡೌನಿಗೂ ನಾವು ಕೂಗಿ, ಸುಮ್ಮನಾಗಿ, ಚುರುಮುರಿಗೆ ಕೈ ಹಾಕಿದ ಮೇಲೆ ಅವರ ಕೂಗು. ಆಟ ಅರ್ಥವಾಗದ ಅತ್ತೆ ಇದಕ್ಕೇ ಬಿದ್ದು ಬಿದ್ದು ನಕ್ಕರು.

ಗುರುವಾರ, ಫೆಬ್ರುವರಿ 27

ಪ್ರಸಾರಕರ ಸಂಘ ಎನ್‌ಎಬಿ, ಪ್ರಸಾರದ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಎಫ್‌ಸಿಸಿಗೆ ಅರ್ಜಿ ಹಾಕಿದೆಯಂತೆ: ದೊಡ್ಡ 55 ಮಾರುಕಟ್ಟೆಗಳಲ್ಲಿ 2028ರ ಫೆಬ್ರುವರಿಗೆ ಹಳೆ ಪದ್ಧತಿಯ ಪ್ರಸಾರ ನಿಲ್ಲಿಸಿ, ಎಲ್ಲರೂ ಎಟಿಎಸ್‌ಸಿ 3.0 ಎಂಬ ಹೊಸ ಪದ್ಧತಿಗೆ ಹೋಗಲಿ ಎಂದು. ನಾವಿರುವುದೂ ಆ ಪಟ್ಟಿಯಲ್ಲೇ. ಹೊಸದರಲ್ಲಿ ಚಿತ್ರ ಚೆನ್ನ, ಸಿಗ್ನಲ್ಲೂ ಗಟ್ಟಿ, ತಕರಾರಿಲ್ಲ. ಆದರೆ ಹಲವು ವಾಹಿನಿಗಳು ಅದಕ್ಕೆ ಗೂಢಲಿಪಿಯ ಬೀಗ ಜಡಿದು ಬಿತ್ತರಿಸುತ್ತಿವೆ. ಬೀಗ ಹಾಕಿದ್ದನ್ನು ನನ್ನ ಕೋಡಿ ತೆರೆಯಲಾರದು. ಸಾರ್ವಜನಿಕರ ತರಂಗಾಂತರವನ್ನು ಬಳಸಿಕೊಂಡು, ನೋಡಲು ಯಾವ ಪೆಟ್ಟಿಗೆ ಇಟ್ಟುಕೊಳ್ಳಬೇಕೆಂದೂ ತಾವೇ ಹೇಳುವುದು ನನಗೆ ಒಪ್ಪಿಗೆಯಿಲ್ಲ.

ಹೊಸ ಟ್ಯೂನರ್ ತರಿಸೋಣವೇ ಎಂದರು ಇವರು. ಎಫ್‌ಸಿಸಿ ಏನು ಹೇಳುತ್ತದೋ ಹೇಳಲಿ, ಆಮೇಲೆ ನೋಡೋಣ ಅಂದೆ. ಆ ದುಡ್ಡಿಗೆ ಈಗ ಡಿಸ್ಕ್ ಬೇಕು. ಗಂಟೆಗೆ ಐದಾರು ಜಿಬಿಯಂತೆ ನ್ಯೂಸ್‌ಅವರ್ ಸುದ್ದಿ ಕಾರ್ಯಕ್ರಮ ತುಂಬಿಕೊಂಡಿದೆ, ಅರ್ಧ ಇನ್ನೂ ನೋಡಿಲ್ಲ.