ಎರೆನಾಡಿನ ಹಾದಿಯಲ್ಲಿ ಹಳೆಯ ಕಾರಿನ ಸದ್ದು

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಈ ಹೊಳೆಗಳ ಸೀಮೆಯೇ ವಿಜಯಪುರ ಜಿಲ್ಲೆ. ಇಂಡಿಯಿಂದ ಸಿಂದಗಿಗೆ, ಸಿಂದಗಿಯಿಂದ ತಾಳಿಕೋಟೆಯ ಮೇಲೆ ಮುದ್ದೇಬಿಹಾಳಕ್ಕೆ, ಅಲ್ಲಿಂದ ಬಸವನ ಬಾಗೇವಾಡಿಗೆ ಸಾಗುವ ಹಾದಿ ಕಣ್ಣಿಗೆ ಸಮತಟ್ಟಾಗಿ ತೋರಿದರೂ, ಎರೆಹೊಲಗಳ ನಡುವೆ ಮೆಲ್ಲನೆ ಏರಿ, ಕಲ್ಲುಮಡ್ಡಿಯನ್ನು ದಾಟಿ, ಮತ್ತೆ ಹಳ್ಳಕ್ಕಿಳಿಯುತ್ತದೆ. ಊರಿಂದೂರಿಗೆ ಅಂತರ ದೊಡ್ಡದು, ನೆರಳು ವಿರಳ. ಇಂಥಲ್ಲಿ ಹಳೆಯ ಕಾರಿನ ಇಂಜಿನ್ ‘ಟಕಟಕ’ ಎನ್ನತೊಡಗಿತೆಂದರೆ, ಪ್ರಯಾಣಿಕನ ಮನಸ್ಸು ಬಿಳಿಜೋಳದ ಹೊಲವನ್ನು ಬಿಟ್ಟು ಬಾನೆಟ್ಟಿನ ಕೆಳಗೆ ಹೋಗಿ ಕೂಡುತ್ತದೆ. ಮುಂದೆ ಸಾಗಬಹುದೇ, ಇಲ್ಲಿಯೇ ನಿಲ್ಲಬೇಕೇ?

ಅಂಬಾಸಡರ್ ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಅನುಸರಿಸಿ ಕೋಲ್ಕತ್ತದ ಬಳಿಯ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ವಾಹನದ ಉತ್ಪಾದನೆ 2014ರಲ್ಲಿ ನಿಂತಿತು. ಆದರೂ ಹಿರಿಯರ ಆಸ್ತಿಯೆಂಬಂತೆ ಅದನ್ನು ಉಳಿಸಿಕೊಂಡವರುಂಟು. ಅದರ ಹಳೆಯ 1489 ಸಿ.ಸಿ. ಪೆಟ್ರೋಲ್ ಇಂಜಿನ್ನಿಗೆ ನಾಲ್ಕು ಸಿಲಿಂಡರು, ಎಂಟು ವಾಲ್ವು. ಬೇನೆಯನ್ನು ಬರೆದು ತೋರಿಸುವ ಕಂಪ್ಯೂಟರ್ ಅದರಲ್ಲಿಲ್ಲ, ಕಿವಿಯೇ ವೈದ್ಯ.

ಲಿಂಬೆಯ ತೋಟಗಳಿಗೆ ಹೆಸರಾದ ಇಂಡಿಯಲ್ಲಿ ಮುಂಜಾನೆ ತಣ್ಣಗಿನ ಇಂಜಿನ್ನನ್ನು ಚಾಲೂ ಮಾಡುವ ಗಳಿಗೆಯೇ ಮೊದಲ ಪರೀಕ್ಷೆ. ಮಂದವಾದ ಬಡಿತ ಕೇಳಿಬಂದು, ಇಂಜಿನ್ ಬಿಸಿಯಾದೊಡನೆ ಅಡಗಿದರೆ, ಅದು ಸವೆದ ಸಿಲಿಂಡರಿನೊಳಗೆ ಪಿಸ್ಟನ್ ಓಲಾಡುವ ಸದ್ದಿರಬಹುದು. ವಯಸ್ಸಿನ ಲಕ್ಷಣ, ಸದ್ಯಕ್ಕೆ ಪ್ರಾಣಾಪಾಯವಿಲ್ಲ. ಇಂಜಿನ್ನಿನ ನೆತ್ತಿಯಿಂದ ಹೊಲಿಗೆಯಂತ್ರದಂತೆ ಹಗುರವಾದ, ಕ್ರಮಬದ್ಧವಾದ ‘ಟಿಕ್‌ಟಿಕ್’ ಬರುತ್ತಿದ್ದರೆ ಅದು ಟ್ಯಾಪೆಟ್ಟು. ಕ್ರ್ಯಾಂಕ್ ಶಾಫ್ಟು ಎರಡು ಸುತ್ತು ತಿರುಗಿದರೆ ಕ್ಯಾಮ್ ಶಾಫ್ಟು ಒಂದೇ ಸುತ್ತು. ಆದುದರಿಂದ ಒಂದು ಟ್ಯಾಪೆಟ್ಟಿನ ಬಡಿತ ಇಂಜಿನ್ನಿನ ವೇಗದ ಅರ್ಧದಷ್ಟು. ಫೀಲರ್ ಗೇಜಿನಿಂದ ಸಂದನ್ನು ಅಳೆದು ಸರಿಪಡಿಸಿದರಾಯಿತು. ಆದರೆ ಸದ್ದು ಪೂರ್ತಿ ಅಡಗಲೆಂದು ಸಂದನ್ನು ತೀರ ಬಿಗಿಮಾಡಿದರೆ, ವಾಲ್ವು ಸರಿಯಾಗಿ ಮುಚ್ಚಿಕೊಳ್ಳದೆ ಸುಟ್ಟುಹೋಗುವುದು. ಇಲ್ಲಿ ಮೌನವೇ ಹೆಚ್ಚು ಅಪಾಯಕರ!

ವಿಜಯಪುರ-ಕಲಬುರಗಿ ಹೆದ್ದಾರಿಯ ಮೇಲಿನ ಸಿಂದಗಿಯಲ್ಲಿ ಕಾರು ಒಂದೇ ವೇಗದಲ್ಲಿ ಓಡುವ ಅವಕಾಶ ಪಡೆಯುತ್ತದೆ. ನಿರ್ದಿಷ್ಟ ವೇಗದಲ್ಲಿ ಮಾತ್ರ ‘ಗಡಗಡ’ ಎಂದರೆ, ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಇಂಜಿನ್ನನ್ನು ಅದೇ ವೇಗಕ್ಕೆ ಏರಿಸಿ ನೋಡಬೇಕು. ನಿಂತಲ್ಲಿಯೂ ಸದ್ದು ಬಂದರೆ ಇಂಜಿನ್ನನ್ನೂ ಅದಕ್ಕೆ ಅಂಟಿಕೊಂಡ ಭಾಗಗಳನ್ನೂ ಶಂಕಿಸಬೇಕು. ಓಡುವಾಗ ಮಾತ್ರ ಬಂದರೆ ಚಕ್ರ, ಸ್ಪ್ರಿಂಗು, ಬಾಡಿಯ ಕಡೆ ನೋಡಬೇಕು. ಎಷ್ಟೋ ಬಾರಿ ಇಂಜಿನ್ನಿನದೆಂದು ಹೆದರಿಸಿದ ಸದ್ದು ಸಡಿಲವಾದ ಸೈಲೆನ್ಸರಿನ ಪಟ್ಟಿಯದಾಗಿರುತ್ತದೆ.

ತಾಳಿಕೋಟೆಯ ಬಳಿ ಡೋಣಿಯನ್ನು ದಾಟಿ ಏರು ಹತ್ತುವಾಗ ಮೂರನೆಯ ಪರೀಕ್ಷೆ. ಟಾಪ್ ಗೇರಿನಲ್ಲಿಯೇ ಎಳೆಸಿದರೆ ಡಬ್ಬಿಯಲ್ಲಿ ಗೋಲಿಗಳನ್ನು ಅಲ್ಲಾಡಿಸಿದಂಥ ಸದ್ದು ಬಂದು, ಎಕ್ಸಲರೇಟರಿನ ಮೇಲಿನ ಕಾಲು ಸಡಿಲಿಸಿದೊಡನೆ ನಿಲ್ಲುವುದುಂಟು. ಸಿಲಿಂಡರಿನಲ್ಲಿ ಪೆಟ್ರೋಲು ಕ್ರಮತಪ್ಪಿ ಉರಿಯುತ್ತಿದೆಯೆಂದು ಇದರ ಅರ್ಥ. ಕಿಡಿ ಹಾರುವ ಕಾಲ ತೀರ ಮುಂಚಿತವಾಗಿರಬಹುದು, ಇಲ್ಲವೆ ಒಳಗೆ ಮಸಿ ಕಟ್ಟಿರಬಹುದು. ಗೇರು ಇಳಿಸಿ ನಿಧಾನವಾಗಿ ಏರಿದರೆ ಮುದ್ದೇಬಿಹಾಳ ಮುಟ್ಟಬಹುದು. ಆದರೆ ಅಲಕ್ಷಿಸಿದರೆ ಪಿಸ್ಟನ್ನಿಗೇ ಕೇಡು.

ಇವೆಲ್ಲಕ್ಕಿಂತ ಬೇರೆಯಾದುದು ಇಂಜಿನ್ನಿನ ತಳದಿಂದ ಬರುವ ಗಡುಸಾದ ‘ದಬ್ ದಬ್’. ಬಿಸಿಯಾದಷ್ಟೂ, ಭಾರ ಬಿದ್ದಷ್ಟೂ ಅದು ಹೆಚ್ಚುತ್ತದೆ. ಜೊತೆಗೆ ಆಯಿಲಿನ ಒತ್ತಡವೂ ಕುಸಿದರೆ ಸಂಶಯಕ್ಕೆ ಎಡೆಯಿಲ್ಲ. ಇಂಜಿನ್ ನಿಲ್ಲಿಸಿ, ಒಂದು ಪ್ಲಗ್ಗಿನ ತಂತಿಯನ್ನು ಬಿಚ್ಚಿ, ಮತ್ತೆ ಕ್ಷಣಹೊತ್ತು ಚಾಲೂ ಮಾಡಿ ಕೇಳಬೇಕು, ನಾಲ್ಕಕ್ಕೂ ಹೀಗೆಯೇ. ಯಾವುದನ್ನು ಬಿಚ್ಚಿದಾಗ ಬಡಿತ ತಗ್ಗುವುದೋ ಆ ಸಿಲಿಂಡರಿನ ಕನೆಕ್ಟಿಂಗ್ ರಾಡಿನ ಬೇರಿಂಗೇ ಅಪರಾಧಿ. ಆಮೇಲೆ ಕೃಷ್ಣೆಯ ದಡ ಎಷ್ಟು ಸಮೀಪವಿದ್ದರೂ ಕಾರನ್ನು ಓಡಿಸಬಾರದು. ಈಗ ನಿಂತರೆ ಬೇರಿಂಗಿನ ಖರ್ಚಿನಲ್ಲಿ ಮುಗಿಯಬಹುದು. ಹಟದಿಂದ ಓಡಿಸಿದರೆ ರಾಡು ಮುರಿದು ಇಂಜಿನ್ನನ್ನೇ ಸೀಳಬಹುದು.

ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿಯಲ್ಲಾಗಲಿ, ಮತ್ತಾವ ಊರಿನಲ್ಲಾಗಲಿ, ನುರಿತ ಮಿಸ್ತ್ರಿ ಬಂದೊಡನೆ ಪಾನಾ ಹಿಡಿಯುವುದಿಲ್ಲ. “ಸದ್ದು ಯಾವಾಗ ಬರ್ತದ್ರಿ, ಏರಿನ್ಯಾಗೋ ಇಳಕಲಿನ್ಯಾಗೋ?” ಎಂದು ಕೇಳುತ್ತಾನೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿ ಸದ್ದಿನ ನೆಲೆಯನ್ನು ಹುಡುಕುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಕಂಡ ಭಾಗವನ್ನೆಲ್ಲ ಬದಲಿಸುವವನಿಗೂ ಇವನಿಗೂ ಇರುವ ಅಂತರ ಅದೊಂದು ಪ್ರಶ್ನೆಯಲ್ಲಿದೆ. ಅದಕ್ಕೆ ಉತ್ತರ ಕೊಡಬೇಕಾದವನು ಮಾತ್ರ ಕಾರಿನ ಒಡೆಯ. ಹಾದಿಯುದ್ದಕ್ಕೂ ಕೇಳುತ್ತ ಬಂದವನು ಅವನೇ.